ಎಲ್ಲರೂ ಮಾತಾಡಿದ ಮೇಲೆ ಮಾತಾಡುವ ನಾಯಕ: ಆಫ್ರಿಕಾದ ದೇಸಿ ನಾಯಕತ್ವ ಪದ್ಧತಿಗಳು ಹೇಗೆ ಕೆಲಸ ಮಾಡುತ್ತವೆ?

2025ರ ನವೆಂಬರ್ 22 ಮತ್ತು 23ರಂದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರದಲ್ಲಿ ಜಿ-20 ರಾಷ್ಟ್ರಗಳ ಶೃಂಗಸಭೆ ನಡೆಯಿತು. ಆಫ್ರಿಕಾದ ನೆಲದಲ್ಲಿ ಆ ಸಭೆ ಸೇರಿದ್ದು ಅದೇ ಮೊದಲು. ಆಫ್ರಿಕನ್ ಒಕ್ಕೂಟಕ್ಕೆ ಜಿ-20ರ ಸದಸ್ಯತ್ವ ದೊರೆತದ್ದು ಅದಕ್ಕೆ ಎರಡು ವರ್ಷ ಮೊದಲು, 2023ರ ಸೆಪ್ಟೆಂಬರಿನಲ್ಲಿ, ನಮ್ಮ ದೆಹಲಿಯಲ್ಲಿ. ಜೋಹಾನ್ಸ್‌ಬರ್ಗ್ ಸಭೆಯ ಘೋಷಣೆಯಲ್ಲಿ ‘ಉಬುಂಟು’ ಎಂಬ ಪದ ಕಾಣಿಸಿಕೊಂಡಿತು. ಕನ್ನಡಿಗರಲ್ಲಿ ಅನೇಕರಿಗೆ ಈ ಪದದ ಪರಿಚಯ ಬೇರೆ ದಾರಿಯಿಂದ ಆಗಿದೆ. ದಕ್ಷಿಣ ಆಫ್ರಿಕಾ ಮೂಲದ ಉದ್ಯಮಿ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಹೊರತಂದ ಉಚಿತ ಕಂಪ್ಯೂಟರ್ ಕಾರ್ಯಾಚರಣ ವ್ಯವಸ್ಥೆಗೆ ಇದೇ ಹೆಸರಿದೆ. ರಾಜ್ಯದ ಮುಖ್ಯ ಕಾರ್ಯದರ್ಶಿಯಾಗಿ ನಿವೃತ್ತರಾದ ಕೆ. ರತ್ನಪ್ರಭಾ ಅವರು ಕಟ್ಟಿದ ಮಹಿಳಾ ಉದ್ಯಮಿಗಳ ಸಂಘಗಳ ಒಕ್ಕೂಟವೂ ಇದೇ ಹೆಸರನ್ನು ಇಟ್ಟುಕೊಂಡಿದೆ.

ಹೀಗೆ ಪದ ನಮ್ಮಲ್ಲಿಗೆ ಬಂದಿದ್ದರೂ ಅದರ ಹಿಂದಿರುವ ವ್ಯವಸ್ಥೆ ಬಂದಿಲ್ಲ. ‘ನೀವಿರುವುದರಿಂದ ನಾನಿದ್ದೇನೆ’ ಎಂಬ ಒಂದು ಸಾಲಿನ ಅನುವಾದದಲ್ಲಿ ಉಬುಂಟು ಒಂದು ಸದ್ಭಾವನೆಯಂತೆ ಕೇಳಿಸುತ್ತದೆ. ಆದರೆ ಆಫ್ರಿಕಾದ ಹಲವು ಸಮುದಾಯಗಳಲ್ಲಿ ಈ ಭಾವನೆಗೆ ಕಾಲು, ಕೈ, ಬಾಯಿ ಇವೆ: ಸಭೆಯಲ್ಲಿ ಯಾರು ಮೊದಲು ಮಾತಾಡಬೇಕು, ನಾಯಕ ಯಾವಾಗ ಬಾಯಿ ತೆರೆಯಬೇಕು, ತಪ್ಪಿದರೆ ಅವನನ್ನು ಕೆಳಗಿಳಿಸುವುದು ಹೇಗೆ, ಕೆಲಸ ಕಲಿತ ಹುಡುಗನಿಗೆ ಯಜಮಾನ ಕೊಡಬೇಕಾದದ್ದು ಏನು ಎಂಬುದಕ್ಕೆಲ್ಲ ನಿಯಮಗಳಿವೆ. ಆ ನಿಯಮಗಳನ್ನು ಕೆಲವು ನಿಜವಾದ ಉದಾಹರಣೆಗಳ ಮೂಲಕ ಪರಿಚಯಿಸುವುದು ಈ ಲೇಖನದ ಉದ್ದೇಶ. ಆಫ್ರಿಕಾ 54 ದೇಶಗಳ ಖಂಡವಾದ್ದರಿಂದ ‘ಆಫ್ರಿಕಾದ ಪದ್ಧತಿ’ ಎಂಬ ಏಕವಚನಕ್ಕೆ ಅರ್ಥವಿಲ್ಲ. ಇಲ್ಲಿ ಹೇಳಿರುವುದು ಬೋಟ್ಸ್‌ವಾನಾ, ದಕ್ಷಿಣ ಆಫ್ರಿಕಾ, ಘಾನಾ, ಇಥಿಯೋಪಿಯಾ ಮತ್ತು ನೈಜೀರಿಯಾದ ಕೆಲವು ಸಮುದಾಯಗಳ ವಿಷಯ.

ಪದದೊಳಗಿನ ವ್ಯಾಕರಣ

ಆಫ್ರಿಕಾದ ಮಧ್ಯ, ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಹರಡಿರುವ ನೂರಾರು ಭಾಷೆಗಳನ್ನು ‘ಬಂಟು’ ಕುಟುಂಬ ಎಂದು ಕರೆಯುತ್ತಾರೆ. ಈ ಭಾಷೆಗಳಲ್ಲಿ ‘ನ್ಟು’ ಎಂಬ ಧಾತುವಿಗೆ ಮನುಷ್ಯ ಎಂಬ ಅರ್ಥವಿದ್ದು, ಅದರ ಮೊದಲಿಗೆ ಸೇರುವ ಅಕ್ಷರಗಳು ಅರ್ಥವನ್ನು ಬದಲಿಸುತ್ತವೆ. ದಕ್ಷಿಣ ಆಫ್ರಿಕಾದ ಜುಲು ಭಾಷೆಯಲ್ಲಿ ‘ಉಮುಂಟು’ ಎಂದರೆ ಒಬ್ಬ ಮನುಷ್ಯ, ‘ಅಬಂಟು’ ಎಂದರೆ ಜನರು, ‘ಉಬುಂಟು’ ಎಂದರೆ ಮನುಷ್ಯತನ. ಕನ್ನಡದಲ್ಲಿ ಹಿರಿತನ, ಒಳ್ಳೆಯತನ ಎಂಬಲ್ಲಿ ‘ತನ’ ಪದದ ಕೊನೆಗೆ ಬಂದು ಮಾಡುವ ಕೆಲಸವನ್ನು ಅಲ್ಲಿ ‘ಉಬು’ ಪದದ ಮೊದಲಿಗೆ ಬಂದು ಮಾಡುತ್ತದೆ. ಬೋಟ್ಸ್‌ವಾನಾದ ಸೆಟ್ಸ್‌ವಾನಾ ಭಾಷೆಯಲ್ಲಿ ಇದೇ ಪದ ‘ಬೊಥೊ’, ಜಿಂಬಾಬ್ವೆಯ ಶೋನಾದಲ್ಲಿ ‘ಉನ್ಹು’, ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ‘ಉಟು’.

ಜುಲು ಗಾದೆಯೊಂದು ಇದನ್ನು ಬಿಡಿಸಿ ಹೇಳುತ್ತದೆ: ‘ಉಮುಂಟು ಎನ್‌ಗುಮುಂಟು ಎನ್‌ಗಬಂಟು.’ ಮನುಷ್ಯನು ಮನುಷ್ಯನಾಗುವುದು ಮನುಷ್ಯರಿಂದ ಎಂಬುದು ಇದರ ಅರ್ಥ. ಹುಟ್ಟಿದ ಮಾತ್ರಕ್ಕೆ ಮನುಷ್ಯತನ ಪೂರ್ಣವಾಗುವುದಿಲ್ಲ, ಇತರರೊಂದಿಗಿನ ನಡವಳಿಕೆಯಲ್ಲಿ ಅದನ್ನು ಗಳಿಸಬೇಕು, ಕೆಟ್ಟದಾಗಿ ನಡೆದುಕೊಂಡರೆ ಅದನ್ನು ಕಳೆದುಕೊಳ್ಳಲೂಬಹುದು ಎಂಬ ತಿಳಿವಳಿಕೆ ಈ ಗಾದೆಯೊಳಗಿದೆ.

ನಾಯಕತ್ವದ ವಿಷಯಕ್ಕೆ ಬಂದಾಗ ಗಮನಿಸಬೇಕಾದ ಒಂದು ಸಂಗತಿಯಿದೆ. ಸೆಟ್ಸ್‌ವಾನಾ ಭಾಷೆ ಇದೇ ವಾಕ್ಯದ ಅಚ್ಚಿನಲ್ಲಿ ‘ಮನುಷ್ಯ’ ಎಂಬ ಪದವನ್ನು ತೆಗೆದು ‘ಅರಸ’ ಎಂಬ ಪದವನ್ನು ಇಡುತ್ತದೆ: ‘ಖೋಸಿ ಕೆ ಖೋಸಿ ಕಾ ಮೊರಾಫೆ.’ ಖೋಸಿ ಎಂದರೆ ಅರಸ ಅಥವಾ ಜನಾಂಗದ ಮುಖ್ಯಸ್ಥ, ಮೊರಾಫೆ ಎಂದರೆ ಆ ಜನಾಂಗ. ಜನಾಂಗದಿಂದಲೇ ಅರಸನು ಅರಸ. ಮನುಷ್ಯತನಕ್ಕೆ ಇರುವ ವ್ಯಾಕರಣವೇ ಅಧಿಕಾರಕ್ಕೂ ಇದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದೆ ಬರುವ ಪದ್ಧತಿಗಳೆಲ್ಲ ಈ ಒಂದು ವಾಕ್ಯವನ್ನು ದಿನನಿತ್ಯದ ಬಳಕೆಗೆ ತರುವ ಉಪಾಯಗಳು ಎಂದು ತಿಳಿದುಕೊಂಡರೆ ಅವುಗಳ ಒಳಹೊರಗು ಅರ್ಥವಾಗುತ್ತದೆ.

ಖೋಟ್ಲಾ: ಸಭೆಯ ಜಾಗ, ಸಭೆಯ ನಿಯಮ

ಬೋಟ್ಸ್‌ವಾನಾದ ಊರುಗಳಲ್ಲಿ ಜನ ಸೇರುವ ಬಯಲನ್ನೂ ಅಲ್ಲಿ ನಡೆಯುವ ಸಭೆಯನ್ನೂ ‘ಖೋಟ್ಲಾ’ ಎಂದೇ ಕರೆಯುತ್ತಾರೆ. ಮೊದಲ ಅಕ್ಷರ ಗಂಟಲಿನ ಆಳದಿಂದ ಹೊರಡುವ ಸದ್ದಾದ್ದರಿಂದ ಕನ್ನಡ ಲಿಪಿಯಲ್ಲಿ ಅದನ್ನು ಸರಿಯಾಗಿ ಹಿಡಿಯಲಾಗದು. ‘ಖ’ ಅದಕ್ಕೆ ಹತ್ತಿರವಾದ ಅಕ್ಷರ. ಮರದ ಕಂಬಗಳನ್ನು ಅರ್ಧಚಂದ್ರಾಕಾರದಲ್ಲಿ ಒತ್ತೊತ್ತಾಗಿ ನೆಟ್ಟ ಬೇಲಿ, ಅದರ ಮುಂದೆ ಖೋಸಿ ಮತ್ತು ಅವರ ಹಿರಿಯ ಸಲಹೆಗಾರರು, ಎದುರಿಗೆ ಜನ. ಒಂದೊಂದು ಕೇರಿಗೂ ತನ್ನದೇ ಸಣ್ಣ ಖೋಟ್ಲಾ ಇರುತ್ತದೆ, ಎಲ್ಲಕ್ಕೂ ಮೇಲೆ ಜನಾಂಗದ ದೊಡ್ಡ ಖೋಟ್ಲಾ. ನಮ್ಮ ಹಳ್ಳಿಗಳ ಅರಳಿಕಟ್ಟೆಯ ಪಂಚಾಯಿತಿಯನ್ನು ನೆನೆದರೆ ಚಿತ್ರ ಮೂಡೀತು. ಆದರೆ ಅರಳಿಕಟ್ಟೆಯಲ್ಲಿ ಕೆಲವೇ ಪಂಚರು ಕೂತು ತೀರ್ಮಾನ ಹೇಳಿದರೆ, ಖೋಟ್ಲಾದಲ್ಲಿ ಸೇರಿದವರೆಲ್ಲರಿಗೂ ಮಾತಾಡುವ ಹಕ್ಕಿದೆ. ವ್ಯಾಜ್ಯ ತೀರ್ಮಾನದಿಂದ ಹಿಡಿದು ಹೊಸ ನಿಯಮ ಮಾಡುವವರೆಗೆ ಎಲ್ಲವೂ ಅದೇ ಜಾಗದಲ್ಲಿ ನಡೆಯುತ್ತಿದ್ದವು.

ಸಭೆ ಸಾಗುವ ಕ್ರಮ ಹೀಗಿದೆ. ವಿಷಯವನ್ನು ಮುಂದಿಟ್ಟ ಮೇಲೆ ಖೋಸಿ ಸುಮ್ಮನಾಗುತ್ತಾರೆ. ಸಲಹೆಗಾರರು ಮತ್ತು ಸೇರಿದ ಜನ ಒಬ್ಬೊಬ್ಬರಾಗಿ ಎದ್ದು ತಮ್ಮ ಅಭಿಪ್ರಾಯ ಹೇಳುತ್ತಾರೆ. ಮಾತಾಡುತ್ತಿರುವವರ ಮಾತನ್ನು ನಡುವೆ ತುಂಡರಿಸುವಂತಿಲ್ಲ. ಖೋಸಿಯ ಹಿಂದಿನ ತೀರ್ಮಾನವೊಂದು ತಪ್ಪಾಗಿತ್ತು ಎಂದು ಅವರ ಎದುರೇ ಹೇಳಬಹುದು. ಎಲ್ಲರ ಮಾತು ಮುಗಿದ ಮೇಲೆ ಖೋಸಿ ಎದ್ದು, ಸಭೆಯ ಒಲವು ಯಾವ ಕಡೆಗಿದೆ ಎಂಬುದನ್ನು ಒಟ್ಟುಗೂಡಿಸಿ ಹೇಳಿ ನಿರ್ಧಾರ ಪ್ರಕಟಿಸುತ್ತಾರೆ. ಜನ ಅದನ್ನು ಒಪ್ಪಿದಾಗ ‘ಪುಲಾ!’ ಎಂದು ಕೂಗುತ್ತಾರೆ. ಪುಲಾ ಎಂದರೆ ಮಳೆ. ಒಣಭೂಮಿಯ ಆ ದೇಶದಲ್ಲಿ ಮಳೆಗಿಂತ ದೊಡ್ಡ ಹರಕೆಯಿಲ್ಲ, ಆದ್ದರಿಂದಲೇ 1976ರಲ್ಲಿ ಬೋಟ್ಸ್‌ವಾನಾ ತನ್ನ ನಾಣ್ಯಕ್ಕೂ ಅದೇ ಹೆಸರಿಟ್ಟಿತು.

ನಾಯಕನು ಕೊನೆಗೆ ಮಾತಾಡಬೇಕು ಎಂಬ ನಿಯಮದ ಬೆಲೆ ನೌಕರಿ ಮಾಡುವ ಯಾರಿಗೂ ಬೇಗ ತಿಳಿಯುತ್ತದೆ. ಕಚೇರಿಯ ಸಭೆಯಲ್ಲಿ ಮೇಲಧಿಕಾರಿ ಮೊದಲೇ ತನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಟ್ಟರೆ ಆಮೇಲೆ ಬರುವ ಮಾತುಗಳೆಲ್ಲ ಅದಕ್ಕೆ ತಾಳ ಹಾಕುತ್ತವೆ. ತಪ್ಪು ಗೊತ್ತಿದ್ದವರೂ ತುಟಿ ಬಿಚ್ಚುವುದಿಲ್ಲ. ಖೋಟ್ಲಾದ ಗಾದೆಗಳು ಈ ಅಂಜಿಕೆಯನ್ನು ತೆಗೆಯುವುದಕ್ಕೆಂದೇ ಹುಟ್ಟಿದಂತಿವೆ. ‘ಖೋಟ್ಲಾದಲ್ಲಿ ಆಡಿದ ಮಾತೆಲ್ಲವೂ ಚೆಂದ’ ಎನ್ನುತ್ತದೆ ಒಂದು. ಕೆಟ್ಟದಾಗಿ ಮಾತಾಡುವವನಿಗೂ ತನ್ನ ಮಾತು ಆಡಲು ಬಿಡಬೇಕು, ಆಗ ಒಳ್ಳೆಯ ಮಾತುಳ್ಳವನು ಅದನ್ನು ಹೊರಗೆ ತರುತ್ತಾನೆ ಎನ್ನುತ್ತದೆ ಇನ್ನೊಂದು. ‘ಬಾಯಿಯ ಯುದ್ಧವೇ ದೊಡ್ಡ ಯುದ್ಧ’ ಎಂಬ ಮೂರನೆಯದು, ಜಗಳವನ್ನು ಆಯುಧದಿಂದಲ್ಲದೆ ಮಾತಿನಿಂದ ಮುಗಿಸಬೇಕು ಎಂದು ಹೇಳುತ್ತದೆ.

ಖೋಸಿ ಸಭೆಯ ಒಲವನ್ನು ಕಡೆಗಣಿಸಿದರೆ? ಅಧಿಕಾರ ಅವರ ಕೈಯಲ್ಲೇ ಇರುವುದರಿಂದ ಹಾಗೆ ಮಾಡುವುದಕ್ಕೆ ತಡೆಯಿರಲಿಲ್ಲ, ಆದರೆ ಅದರ ಫಲ ಕಠಿಣವಾಗಿತ್ತು. ಅತೃಪ್ತರಾದ ಗುಂಪುಗಳು ತಮ್ಮ ದನಕರುಗಳನ್ನು ಹೊಡೆದುಕೊಂಡು ಬೇರೆ ಕಡೆಗೆ ಹೊರಟುಹೋಗುತ್ತಿದ್ದವು. ಇಂದಿನ ಹಲವು ಟ್ಸ್‌ವಾನಾ ಜನಾಂಗಗಳು ಹೀಗೆ ಒಂದರಿಂದ ಒಂದು ಒಡೆದು ಹುಟ್ಟಿದವು. ಜನರೇ ಇಲ್ಲದ ಅರಸನು ಯಾವುದರ ಅರಸ?

ಇದು ಒಂದೇ ದೇಶದ ರೂಢಿಯೂ ಅಲ್ಲ. ತಂದೆ ತೀರಿಕೊಂಡ ಬಳಿಕ ನೆಲ್ಸನ್ ಮಂಡೇಲಾ ಬೆಳೆದದ್ದು ಥೆಂಬು ಜನಾಂಗದ ರಾಜಪ್ರತಿನಿಧಿ ಜೊಂಗಿಂಟಾಬಾ ಅವರ ಮನೆಯಲ್ಲಿ. ಅಲ್ಲಿನ ಸಭೆಗಳಲ್ಲಿ ರಾಜಪ್ರತಿನಿಧಿ ತಮ್ಮ ಮೇಲಿನ ಟೀಕೆಯನ್ನೂ ಮುಖಭಾವ ಬದಲಿಸದೆ ಕೇಳುತ್ತಿದ್ದುದನ್ನು, ಕೊನೆಯಲ್ಲಿ ಮಾತ್ರ ಮಾತಾಡುತ್ತಿದ್ದುದನ್ನು, ಒಮ್ಮತ ಬಾರದಿದ್ದರೆ ಮತ್ತೊಂದು ಸಭೆ ಕರೆಯುತ್ತಿದ್ದುದನ್ನು ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ತಮ್ಮ ನಾಯಕತ್ವದ ಪಾಠ ಅಲ್ಲಿಂದ ಆರಂಭವಾಯಿತು ಎಂದೂ ಹೇಳಿದ್ದಾರೆ.

ಸೆರೋವೆಯಲ್ಲಿ ನಡೆದದ್ದು

ಖೋಟ್ಲಾದ ಶಕ್ತಿ ಎಷ್ಟೆಂಬುದನ್ನು ತಿಳಿಯಲು 1948ರಿಂದ 1950ರವರೆಗೆ ಸೆರೋವೆ ಎಂಬ ಊರಿನಲ್ಲಿ ನಡೆದ ಸಭೆಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೋಟ್ಸ್‌ವಾನಾ ಆಗ ಬೆಚುವಾನಾಲ್ಯಾಂಡ್ ಎಂಬ ಹೆಸರಿನಲ್ಲಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟ ಪ್ರದೇಶವಾಗಿತ್ತು. ಸೆರೋವೆ ಬಾಂಗ್ವಾಟೊ ಜನಾಂಗದ ರಾಜಧಾನಿ. ಗದ್ದುಗೆಯ ವಾರಸುದಾರ ಸೆರೆಟ್ಸೆ ಖಾಮಾ ಚಿಕ್ಕವರಿದ್ದಾಗಲೇ ಅವರ ತಂದೆ ತೀರಿಕೊಂಡದ್ದರಿಂದ ಚಿಕ್ಕಪ್ಪ ಟ್ಶೆಕೆಡಿ ಖಾಮಾ ರಾಜಪ್ರತಿನಿಧಿಯಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಆಡಳಿತ ನಡೆಸಿದ್ದರು. ಕಾನೂನು ಓದಲು ಲಂಡನ್ನಿಗೆ ಹೋದ ಸೆರೆಟ್ಸೆ 1948ರ ಸೆಪ್ಟೆಂಬರಿನಲ್ಲಿ ರೂತ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಯುವತಿಯನ್ನು ಮದುವೆಯಾದರು. ಅರಸನ ಮದುವೆ ಜನಾಂಗದ ಒಪ್ಪಿಗೆಯಿಂದ ಆಗಬೇಕಿತ್ತು, ಅದಾಗಿರಲಿಲ್ಲ. ಟ್ಶೆಕೆಡಿ ಮದುವೆಯನ್ನು ಬಲವಾಗಿ ವಿರೋಧಿಸಿದರು.

ಮೊದಲ ಸಭೆ ಅದೇ ವರ್ಷದ ನವೆಂಬರಿನಲ್ಲಿ ಸೇರಿತು. ದಿನಗಟ್ಟಲೆ ಮಾತು ನಡೆಯಿತು, ಬಹುಪಾಲು ಜನ ಮದುವೆಗೆ ವಿರುದ್ಧವಾಗಿ ನಿಂತರು. ಡಿಸೆಂಬರಿನ ಎರಡನೆಯ ಸಭೆಯಲ್ಲೂ ವಿರೋಧ ಮುಂದುವರಿಯಿತು. ಆದರೆ ಸಭೆಗಳ ನಡುವಿನ ತಿಂಗಳುಗಳಲ್ಲಿ ಜನ ಆಲೋಚಿಸಿದರು. ರೂತ್ ಇಲ್ಲದೆ ತಾನು ಊರಿಗೆ ಬರುವುದಿಲ್ಲ ಎಂದು ಸೆರೆಟ್ಸೆ ಸ್ಪಷ್ಟವಾಗಿ ಹೇಳಿದ್ದರು. ಸೆರೆಟ್ಸೆ ಹೊರಗುಳಿದರೆ ಗದ್ದುಗೆ ಟ್ಶೆಕೆಡಿಯವರ ಪಾಲಾಗುತ್ತದೆ ಎಂಬ ಅನುಮಾನವೂ ಹರಡಿತು. 1949ರ ಜೂನ್ ತಿಂಗಳ ಮೂರನೆಯ ಸಭೆಯಲ್ಲಿ ತನ್ನನ್ನು ಮತ್ತು ಪತ್ನಿಯನ್ನು ಒಪ್ಪದವರು ಎದ್ದುನಿಲ್ಲಿ ಎಂದು ಸೆರೆಟ್ಸೆ ಕೇಳಿದಾಗ ಎದ್ದವರು ಕೆಲವೇ ಮಂದಿ ಹಿರಿಯರು. ಒಪ್ಪುವವರು ಎದ್ದುನಿಲ್ಲಿ ಎಂದಾಗ ಸಾವಿರಾರು ಜನ ಎದ್ದರು. ಅದೇ ಜನ, ಅದೇ ಜಾಗ, ಏಳು ತಿಂಗಳ ಅಂತರದಲ್ಲಿ ವಿರುದ್ಧವಾದ ತೀರ್ಮಾನ. ಮಾತಿನಿಂದ ಮನಸ್ಸು ಬದಲಾಗಲು ಸಮಯ ಕೊಡುವ ವ್ಯವಸ್ಥೆ ಇದ್ದುದರಿಂದಲೇ ಇದು ಸಾಧ್ಯವಾಯಿತು.

ಮುಂದೆ ನಡೆದದ್ದು ಇನ್ನೂ ಅರ್ಥಪೂರ್ಣ. ನೆರೆಯ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರಕ್ಕೆ ಈ ಮದುವೆ ಸಹನೀಯವಾಗಿರಲಿಲ್ಲ. ಅದರ ಒತ್ತಡಕ್ಕೆ ಮಣಿದ ಬ್ರಿಟಿಷ್ ಸರ್ಕಾರ 1950ರಲ್ಲಿ ಸೆರೆಟ್ಸೆಯವರನ್ನು ಮಾತುಕತೆಗೆಂದು ಲಂಡನ್ನಿಗೆ ಕರೆಸಿ ಗಡೀಪಾರು ಮಾಡಿತು. ಆ ನಿರ್ಧಾರವನ್ನು ಪ್ರಕಟಿಸಲು ಬ್ರಿಟಿಷ್ ಹೈಕಮಿಷನರ್ ಸರ್ ಎವೆಲಿನ್ ಬೇರಿಂಗ್ ಮಾರ್ಚ್ ತಿಂಗಳಲ್ಲಿ ಸೆರೋವೆಯಲ್ಲಿ ಖೋಟ್ಲಾ ಕರೆದರು. ಅವರು ಅಧಿಕಾರದ ಸಮವಸ್ತ್ರ ತೊಟ್ಟು ಬಂದಾಗ ಬಯಲು ಬರಿದಾಗಿತ್ತು. ಜನ ಬರಲೇ ಇಲ್ಲ. ಜನ ಬಾರದ ಖೋಟ್ಲಾದಲ್ಲಿ ಏನನ್ನೂ ಹೇಳಲಾಗದು, ಹೇಳಿದರೂ ಅದು ಯಾರನ್ನೂ ಕಟ್ಟಿಹಾಕದು. ಬೇರೊಬ್ಬ ಖೋಸಿಯನ್ನು ಆರಿಸಿಕೊಳ್ಳಿ ಎಂಬ ಸೂಚನೆಗೂ ಬಾಂಗ್ವಾಟೊ ಜನ ಒಪ್ಪಲಿಲ್ಲ. 1956ರಲ್ಲಿ ಗದ್ದುಗೆಯ ಹಕ್ಕನ್ನು ಬಿಟ್ಟುಕೊಟ್ಟು ಸಾಮಾನ್ಯ ಪ್ರಜೆಯಾಗಿ ಮರಳಿದ ಸೆರೆಟ್ಸೆ, 1966ರ ಸೆಪ್ಟೆಂಬರ್ 30ರಂದು ದೇಶ ಸ್ವತಂತ್ರವಾದಾಗ ಬೋಟ್ಸ್‌ವಾನಾದ ಮೊದಲ ಅಧ್ಯಕ್ಷರಾದರು. ಸರ್ಕಾರದ ಯೋಜನೆಗಳನ್ನು ಜನರ ಮುಂದಿಡಲು ಸಚಿವರು ಇಂದಿಗೂ ಖೋಟ್ಲಾಗಳಿಗೆ ಹೋಗುತ್ತಾರೆ.

ಸಹಮತ ಎಂದರೆ ಎಲ್ಲರದೂ ಒಂದೇ ಅಭಿಪ್ರಾಯವೇ?

‘ಎಲ್ಲರೂ ಒಪ್ಪುವವರೆಗೆ ಚರ್ಚಿಸುವುದು’ ಎಂದಾಗ ಸಹಜವಾಗಿಯೇ ಒಂದು ಸಂಶಯ ಬರುತ್ತದೆ. ನಾಲ್ಕು ಜನರ ಮನೆಯಲ್ಲೇ ಒಮ್ಮತ ಬಾರದಿರುವಾಗ ನಾಲ್ಕು ಸಾವಿರ ಜನರಲ್ಲಿ ಅದು ಹೇಗೆ ಬರುತ್ತದೆ? ಘಾನಾದ ತತ್ವಶಾಸ್ತ್ರಜ್ಞ ಕ್ವಾಸಿ ವಿರೆಡು ಇದಕ್ಕೆ ಕೊಟ್ಟ ವಿವರಣೆ ಉಪಯುಕ್ತವಾಗಿದೆ. ಅವರ ಪ್ರಕಾರ ಸಹಮತವು ಏನನ್ನು ನಂಬಬೇಕು ಎಂಬುದರ ಬಗ್ಗೆ ಇರಬೇಕಾಗಿಲ್ಲ, ಈಗ ಏನನ್ನು ಮಾಡಬೇಕು ಎಂಬುದರ ಬಗ್ಗೆ ಇದ್ದರೆ ಸಾಕು. ಊರ ಕೆರೆಯ ಹೂಳು ತೆಗೆಯುವುದೇ ವ್ಯರ್ಥ ಎಂದು ನಂಬಿದವನೂ, ತನ್ನ ಮಾತನ್ನು ಎಲ್ಲರೂ ಪೂರ್ತಿ ಕೇಳಿದ್ದಾರೆ ಮತ್ತು ತನ್ನ ಆತಂಕಕ್ಕೆ ತಕ್ಕಂತೆ ಯೋಜನೆ ಸ್ವಲ್ಪ ಬದಲಾಗಿದೆ ಎಂದು ಕಂಡರೆ, ಗುದ್ದಲಿ ಹಿಡಿದು ಬರಲು ಒಪ್ಪಬಹುದು. ಅವನ ನಂಬಿಕೆ ಬದಲಾಗಿಲ್ಲ, ಸಹಕಾರ ಮಾತ್ರ ದೊರೆತಿದೆ. ಬಹುಮತದ ಮತದಾನದಲ್ಲಿ ಸೋತವರಿಗೆ ತೀರ್ಮಾನದಲ್ಲಿ ಯಾವ ಪಾಲೂ ಇರುವುದಿಲ್ಲ. ಈ ಪದ್ಧತಿಯಲ್ಲಿ ಪಾಲು ಇರುತ್ತದೆ ಎಂಬುದು ವಿರೆಡು ಅವರ ವಾದ.

ಇದಕ್ಕೆ ಅವರು ತಮ್ಮ ನಾಡಿನ ಅಕಾನ್ ಜನರ ಒಂದು ಸಂಕೇತವನ್ನು ತೋರಿಸುತ್ತಾರೆ: ಎರಡು ತಲೆ, ಒಂದೇ ಹೊಟ್ಟೆಯ ಮೊಸಳೆ. ಆಹಾರ ಯಾವ ಬಾಯಿಂದ ಹೋದರೂ ಒಂದೇ ಹೊಟ್ಟೆಗೆ ಸೇರುತ್ತದೆ, ಆದರೂ ತಲೆಗಳು ಕಾದಾಡುತ್ತವೆ. ಗಂಡಭೇರುಂಡವನ್ನು ರಾಜ್ಯಲಾಂಛನವಾಗಿ ಹೊಂದಿರುವ ನಾಡಿನವರಿಗೆ ಈ ಚಿತ್ರ ದೂರದ್ದೆನಿಸದು. ಒಂದು ತಲೆ ಸಿಹಿಹಣ್ಣನ್ನು ಹಂಚಿಕೊಳ್ಳಲಿಲ್ಲವೆಂದು ಇನ್ನೊಂದು ತಲೆ ವಿಷದ ಹಣ್ಣು ತಿಂದು, ಎರಡೂ ಸತ್ತ ಪಂಚತಂತ್ರದ ಹಕ್ಕಿಯ ಕಥೆಯನ್ನು ನಾವು ಬಾಲ್ಯದಲ್ಲೇ ಕೇಳಿದ್ದೇವೆ.

ಈ ವಿಧಾನ ಜಾಗತಿಕ ವೇದಿಕೆಗೂ ಬಂದಿದೆ. ಜುಲು ಮತ್ತು ಕೋಸಾ ಭಾಷೆಗಳಲ್ಲಿ ‘ಇಂಡಾಬಾ’ ಎಂದರೆ ವಿಷಯ ಅಥವಾ ಸಮಾಲೋಚನೆ. 2011ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಬಿಕ್ಕಟ್ಟಿಗೆ ಸಿಲುಕಿದಾಗ ಅಧ್ಯಕ್ಷತೆ ವಹಿಸಿದ್ದ ದಕ್ಷಿಣ ಆಫ್ರಿಕಾ ಇಂಡಾಬಾಗಳನ್ನು ಕರೆಯಿತು. ಅಲ್ಲಿ ಸಿದ್ಧ ಭಾಷಣಗಳಿಗೆ ಅವಕಾಶವಿರಲಿಲ್ಲ. ತಾನು ಯಾವ ಗೆರೆಯನ್ನು ದಾಟಲಾರೆ ಎಂಬುದನ್ನು ಪ್ರತಿಯೊಬ್ಬರೂ ನೇರವಾಗಿ ಹೇಳಬೇಕಿತ್ತು, ಜೊತೆಗೆ ಎಲ್ಲರಿಗೂ ಒಪ್ಪಿಗೆಯಾಗಬಹುದಾದ ದಾರಿಯನ್ನೂ ಸೂಚಿಸಬೇಕಿತ್ತು. ನಿಗದಿತ ಸಮಯ ಮೀರಿ ಒಂದೂವರೆ ದಿನದಷ್ಟು ಎಳೆದ ಆ ಸಮ್ಮೇಳನದ ಕೊನೆಯ ಗಂಟು ಬಿಚ್ಚಿದ್ದು, ಭಾರತದ ಪರಿಸರ ಸಚಿವೆ ಜಯಂತಿ ನಟರಾಜನ್ ಮತ್ತು ಐರೋಪ್ಯ ಒಕ್ಕೂಟದ ಕೊನಿ ಹೆಡೆಗಾರ್ಡ್ ಸಭಾಂಗಣದ ನಡುವೆಯೇ ನಿಂತು ಒಪ್ಪಂದದ ಪದಗಳನ್ನು ಹೊಂದಿಸಿಕೊಂಡಾಗ. 2015ರಲ್ಲಿ ಪ್ಯಾರಿಸ್ ಒಪ್ಪಂದಕ್ಕೆ ದಾರಿಮಾಡಲು ಫ್ರಾನ್ಸ್ ಕೂಡ ಇದೇ ಹೆಸರಿನ ಸಭೆಗಳನ್ನು ನಡೆಸಿತು.

ಕೈಯಲ್ಲಿರುವ ಮೊಟ್ಟೆ

ಘಾನಾದ ಅಸಾಂಟೆ ರಾಜ್ಯ ಬೋಟ್ಸ್‌ವಾನಾಕ್ಕಿಂತ ತೀರಾ ಬೇರೆ ಬಗೆಯದು. ಅದು ಸೈನ್ಯ, ಚಿನ್ನ ಮತ್ತು ವೈಭವದ ದೊಡ್ಡ ಸಾಮ್ರಾಜ್ಯವಾಗಿತ್ತು. ಅಲ್ಲಿ ಅಧಿಕಾರದ ಕುರುಹು ಕಿರೀಟವಲ್ಲ, ಪೀಠ. ಇಡೀ ಜನಾಂಗದ ಆತ್ಮ ನೆಲೆಸಿದೆ ಎಂದು ನಂಬಲಾದ ಚಿನ್ನದ ಪೀಠದ ಮೇಲೆ ಅರಸನೂ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ತನಗೆ ಕೂರಲು ಆ ಪೀಠ ಬೇಕೆಂದು ಕೇಳಿದ್ದಕ್ಕೆ, ಎಜಿಸು ಎಂಬಲ್ಲಿನ ರಾಜಮಾತೆ ಯಾ ಅಸಾಂಟೆವಾ ಅವರ ಮುಂದಾಳತ್ವದಲ್ಲಿ ಯುದ್ಧವೇ ನಡೆಯಿತು.

ಅಸಾಂಟೆಯಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ನಮ್ಮ ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅರ್ಹರಾದ ಹಲವರಲ್ಲಿ ಒಬ್ಬರನ್ನು ರಾಜಮಾತೆ ಸೂಚಿಸುತ್ತಾರೆ, ಹಿರಿಯರು ಒಪ್ಪಬೇಕು. ಪೀಠವೇರುವ ಮುಖ್ಯಸ್ಥನಿಗೆ ಜನರ ಪರವಾಗಿ ಹೇಳುತ್ತಿದ್ದ ಎಚ್ಚರಿಕೆಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರೆದಿಡಲಾಗಿದೆ. ದುರಾಸೆ ನಮಗೆ ಬೇಡ. ನಮ್ಮನ್ನು ಶಪಿಸುವುದು ಬೇಡ. ಕಿವಿ ಮಂದವಾಗುವುದು ಬೇಡ. ಜನರನ್ನು ಮೂರ್ಖರೆಂದು ಕರೆಯುವುದು ಬೇಡ. ತನ್ನೊಬ್ಬನ ಇಚ್ಛೆಯಂತೆ ನಡೆಯುವುದು ಬೇಡ. ‘ನನಗೆ ಸಮಯವಿಲ್ಲ, ನನಗೆ ಸಮಯವಿಲ್ಲ’ ಎಂಬ ಮಾತು ಎಂದೂ ಕೇಳಿಬರುವುದು ಬೇಡ. ಈ ಕೊನೆಯ ಎಚ್ಚರಿಕೆಯನ್ನು ಓದಿದಾಗಲೆಲ್ಲ ಅದನ್ನು ಬರೆದಿಟ್ಟು ಇಷ್ಟು ಕಾಲವಾಗಿದೆ ಎಂದು ನಂಬುವುದೇ ಕಷ್ಟವಾಗುತ್ತದೆ. ಮಾತು ತಪ್ಪಿದ ಮುಖ್ಯಸ್ಥನ ಮೇಲೆ ಆರೋಪ ಹೊರಿಸಿ, ವಿಚಾರಣೆ ನಡೆಸಿ, ಪೀಠದಿಂದ ಇಳಿಸುವ ಕ್ರಮ ಅಲ್ಲಿ ಇದೆ.

ಮುಖ್ಯಸ್ಥನು ಸಭೆಯಲ್ಲಿ ಜನರೊಂದಿಗೆ ನೇರವಾಗಿ ಮಾತಾಡುವುದಿಲ್ಲ. ‘ಒಕ್ಯಾಮೆ’ ಎಂಬ ವಾಗ್ಮಿ ಅವನ ಮಾತನ್ನು ಜನರಿಗೂ ಜನರ ಮಾತನ್ನು ಅವನಿಗೂ ತಲುಪಿಸುತ್ತಾನೆ. ಸಿಟ್ಟಿನಲ್ಲಿ ಬಂದ ಮಾತು ಕೂಡ ಹೀಗೆ ಒಂದು ಜರಡಿಯನ್ನು ದಾಟಿಕೊಂಡೇ ಹೊರಬರುತ್ತದೆ. ಒಕ್ಯಾಮೆ ಹಿಡಿಯುವ ದಂಡದ ತುದಿಯಲ್ಲಿ ಗಾದೆಯೊಂದನ್ನು ಹೇಳುವ ಕೆತ್ತನೆ ಇರುತ್ತದೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಮೊಟ್ಟೆಯನ್ನು ಹಿಡಿದ ಕೈ. ಅಧಿಕಾರವೆಂಬುದು ಮೊಟ್ಟೆಯಂತೆ: ಬಿಗಿಯಾಗಿ ಹಿಡಿದರೆ ಒಡೆಯುತ್ತದೆ, ಸಡಿಲವಾಗಿ ಹಿಡಿದರೆ ಬಿದ್ದು ಒಡೆಯುತ್ತದೆ. ಘಾನಾದ 1992ರ ಸಂವಿಧಾನ ಈ ಮುಖ್ಯಸ್ಥರ ಪದ್ಧತಿಯನ್ನು ಉಳಿಸಿಕೊಂಡಿದೆ, ಆದರೆ ಅವರು ಪಕ್ಷ ರಾಜಕೀಯದಲ್ಲಿ ಸಕ್ರಿಯವಾಗಿ ತೊಡಗುವುದನ್ನು ನಿಷೇಧಿಸಿದೆ.

ಇಥಿಯೋಪಿಯಾದ ಒರೊಮೊ ಜನರು ಅಧಿಕಾರವನ್ನು ಕಟ್ಟುಪಾಡಿಗೆ ಒಳಪಡಿಸಿದ್ದು ಕಾಲದ ಮೂಲಕ. ಅವರ ‘ಗಡಾ’ ಪದ್ಧತಿಯಲ್ಲಿ ಗಂಡಸರ ಒಂದೊಂದು ತಂಡವೂ ಎಂಟೆಂಟು ವರ್ಷಗಳ ಹಂತಗಳನ್ನು ದಾಟುತ್ತಾ, ಪ್ರತಿ ಹಂತದಲ್ಲೂ ಬೇರೆ ಬೇರೆ ಹೊಣೆಗಳನ್ನು ಕಲಿಯುತ್ತಾ ಮೇಲೇರಿ, ಎಂಟು ವರ್ಷ ಆಡಳಿತ ನಡೆಸಿ, ಮುಂದಿನ ತಂಡಕ್ಕೆ ಅದನ್ನು ಒಪ್ಪಿಸುತ್ತದೆ. 2016ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪ್ರತಿಸ್ಪರ್ಧಿಯನ್ನು ಬೆಳೆಸುವ ವ್ಯಾಪಾರಿ

ಅರಸರೇ ಇಲ್ಲದ ಸಮಾಜಗಳೂ ಇವೆ. ‘ಇಗ್ಬೊ ಜನರಿಗೆ ಅರಸನಿಲ್ಲ’ ಎಂಬುದು ನೈಜೀರಿಯಾದ ಆಗ್ನೇಯ ಭಾಗದ ಇಗ್ಬೊಗಳು ತಮ್ಮ ಬಗ್ಗೆ ಹೇಳಿಕೊಳ್ಳುವ ಮಾತು. ಹಳ್ಳಿಯ ಸಭೆ, ಒಂದೇ ವಯಸ್ಸಿನವರ ಕೂಟ, ಕುಲದ ಹೆಣ್ಣುಮಕ್ಕಳ ಸಂಘ ಇವೇ ಅಲ್ಲಿ ಆಡಳಿತ ನಡೆಸುತ್ತಿದ್ದವು. ಬ್ರಿಟಿಷರು ತಮ್ಮ ಅನುಕೂಲಕ್ಕಾಗಿ ಮುಖ್ಯಸ್ಥರನ್ನು ನೇಮಿಸಿದಾಗ, ತೆರಿಗೆಯ ಭಯವೂ ಸೇರಿಕೊಂಡು, 1929ರಲ್ಲಿ ಸಾವಿರಾರು ಹೆಂಗಸರು ಅವರ ವಿರುದ್ಧ ಎದ್ದುನಿಂತರು.

ಈ ಸಮಾಜದ ವ್ಯಾಪಾರ ಕಲಿಕೆಯ ಪದ್ಧತಿಗೆ ‘ಇಗ್ಬಾ ಬೊಯಿ’ ಎಂದು ಹೆಸರು. ಹದಿಹರೆಯದ ಹುಡುಗನೊಬ್ಬನನ್ನು ಅವನ ಮನೆಯವರು ನಂಬಿಕಸ್ತ ವ್ಯಾಪಾರಿಯೊಬ್ಬರ ಬಳಿ ಬಿಡುತ್ತಾರೆ. ಆ ವ್ಯಾಪಾರಿ ‘ಒಗಾ’, ಎಂದರೆ ಯಜಮಾನ. ಐದಾರು ವರ್ಷ, ಕೆಲವೊಮ್ಮೆ ಎಂಟು ವರ್ಷ ಹುಡುಗ ಅವರ ಮನೆಯಲ್ಲೇ ಇದ್ದು ದುಡಿಯುತ್ತಾನೆ. ಊಟ, ಬಟ್ಟೆ, ವಸತಿ ಉಂಟು, ಸಂಬಳವಿಲ್ಲ. ಮೊದಲು ಕಸ ಗುಡಿಸುವುದು, ಮೂಟೆ ಹೊರುವುದು; ಆಮೇಲೆ ಸರಕಿನ ಗುಣ ಗುರುತಿಸುವುದು, ಚೌಕಾಸಿ, ಲೆಕ್ಕ; ಕೊನೆಗೆ ಅಂಗಡಿಯನ್ನೇ ಒಬ್ಬನೇ ನಡೆಸುವುದು. ಅವಧಿ ಮುಗಿದಾಗ ಒಗಾ ಎರಡೂ ಮನೆಯವರ ಎದುರಿಗೆ ಅವನಿಗೆ ಸ್ವಂತ ಅಂಗಡಿ ಹಾಕಲು ಬೇಕಾದ ಬಂಡವಾಳ ಕೊಡಬೇಕು. ಇದನ್ನು ಅಲ್ಲಿ ‘ಸೆಟಲ್‌ಮೆಂಟ್’ ಎನ್ನುತ್ತಾರೆ.

ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದ ಹುಡುಗ ಮುಂದೆ ತಾನೇ ಹೋಟೆಲ್ ಮಾಲೀಕನಾದ ಕಥೆಗಳು ನಮಗೆ ಹೊಸತಲ್ಲ. ವ್ಯತ್ಯಾಸವಿರುವುದು ಕಟ್ಟುಪಾಡಿನಲ್ಲಿ. ನಮ್ಮಲ್ಲಿ ಮಾಲೀಕ ಸಹಾಯ ಮಾಡಿದರೆ ಅದು ಅವನ ದೊಡ್ಡ ಗುಣ, ಇಗ್ಬೊ ಪದ್ಧತಿಯಲ್ಲಿ ಅದು ಅವನು ತೀರಿಸಲೇಬೇಕಾದ ಋಣ. ತನ್ನ ಬೀದಿಯಲ್ಲೇ ತನ್ನದೇ ಸರಕನ್ನು ಮಾರುವ ಪ್ರತಿಸ್ಪರ್ಧಿಯನ್ನು ಯಜಮಾನನು ತನ್ನ ಹಣದಿಂದ ಸೃಷ್ಟಿಸುತ್ತಾನೆ, ಎಷ್ಟು ಜನರನ್ನು ಹೀಗೆ ನಿಲ್ಲಿಸಿದ ಎಂಬುದರಿಂದ ಅವನ ಘನತೆಯನ್ನು ಅಳೆಯುತ್ತಾರೆ. ಹೊಸ ವ್ಯಾಪಾರಿ ಆರಂಭದಲ್ಲಿ ಹಳೆಯ ಒಗಾನಿಂದಲೇ ಸಾಲಕ್ಕೆ ಸರಕು ತರುವುದರಿಂದ ಇಬ್ಬರ ವ್ಯವಹಾರವೂ ಬೆಳೆಯುತ್ತದೆ.

ಈ ಪದ್ಧತಿಯ ಬಲ ಗೊತ್ತಾದದ್ದು, ಇಗ್ಬೊಗಳ ನಾಡು ನೈಜೀರಿಯಾದಿಂದ ಬೇರೆಯಾಗಲು ಹೊರಟಾಗ ನಡೆದ ಬಿಯಾಫ್ರಾ ಯುದ್ಧದ ನಂತರ. 1967ರಿಂದ 1970ರವರೆಗಿನ ಆ ಯುದ್ಧದಲ್ಲಿ ಇಗ್ಬೊಗಳು ಸೋತರು, ಊರುಗಳು ಹಾಳಾದವು. ಯುದ್ಧಕ್ಕೆ ಮೊದಲು ಬ್ಯಾಂಕಿನಲ್ಲಿ ಎಷ್ಟೇ ಹಣ ಇಟ್ಟಿದ್ದರೂ ಒಬ್ಬೊಬ್ಬರಿಗೆ ಕೇವಲ 20 ಪೌಂಡ್ ಸಿಗುವಂತೆ ಸರ್ಕಾರ ನಿಯಮ ಮಾಡಿತು. ಬ್ಯಾಂಕ್ ಸಾಲವಾಗಲಿ ಆಸ್ತಿಯಾಗಲಿ ಇಲ್ಲದ ಆ ಸ್ಥಿತಿಯಲ್ಲಿ, ಮೊದಲು ಎದ್ದುನಿಂತವರು ಹುಡುಗರನ್ನು ಸೇರಿಸಿಕೊಂಡರು, ಆ ಹುಡುಗರು ಮುಂದೆ ಇನ್ನಷ್ಟು ಹುಡುಗರನ್ನು ಸೇರಿಸಿಕೊಂಡರು. ಒನಿಚಾ, ನ್ನೆವಿ, ಅಬಾ ಮತ್ತು ಲಾಗೋಸ್‌ನ ಅಲಾಬಾ ಮಾರುಕಟ್ಟೆಗಳು ಬೆಳೆದದ್ದು ಹೀಗೆ.

ದೋಷಗಳೂ ಇವೆ. ಒಪ್ಪಂದ ಬಹುತೇಕ ಬಾಯಿಮಾತಿನದು. ಬಂಡವಾಳ ಕೊಡುವ ವರ್ಷ ಹತ್ತಿರವಾದಾಗ ಕಳ್ಳತನದ ಆರೋಪ ಹೊರಿಸಿ ಹುಡುಗನನ್ನು ಬರಿಗೈಯಲ್ಲಿ ಕಳಿಸುವ ಒಗಾಗಳಿದ್ದಾರೆ, ಯಜಮಾನನ ಹಣ ದೋಚುವ ಹುಡುಗರೂ ಇದ್ದಾರೆ. ಶಾಲೆ ಬಿಟ್ಟು ದುಡಿಮೆಗೆ ಇಳಿಯುವ ಮಕ್ಕಳ ಪ್ರಶ್ನೆ ಇನ್ನೂ ಗಂಭೀರವಾದದ್ದು.

ಕಚೇರಿಗೆ ಬಂದ ಉಬುಂಟು

ವರ್ಣಭೇದ ಆಡಳಿತ ಮುಗಿಯುತ್ತಿದ್ದ ಕಾಲದಲ್ಲಿ ಉಬುಂಟು ಮೊದಲು ಪ್ರವೇಶಿಸಿದ್ದು ಕಾನೂನಿಗೆ. ದಕ್ಷಿಣ ಆಫ್ರಿಕಾದ 1993ರ ಮಧ್ಯಂತರ ಸಂವಿಧಾನದ ಕೊನೆಯ ಭಾಗ ಪ್ರತೀಕಾರದ ಬದಲು ಪರಸ್ಪರ ಅರಿವು ಬೇಕು, ಪೀಡನೆಯ ಬದಲು ಉಬುಂಟು ಬೇಕು ಎಂದು ಹೇಳಿತು. 1995ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಮರಣದಂಡನೆಯನ್ನು ರದ್ದುಪಡಿಸಿದಾಗ ಹಲವು ನ್ಯಾಯಮೂರ್ತಿಗಳು ಇದೇ ಪದವನ್ನು ಆಧಾರವಾಗಿ ಬಳಸಿದರು.

ಆಡಳಿತ ನಿರ್ವಹಣೆಯ ಚರ್ಚೆಗೆ ಅದನ್ನು ತಂದವರಲ್ಲಿ ಜಿಂಬಾಬ್ವೆ ಮೂಲದ ಚಿಂತಕ ಲವ್‌ಮೋರ್ ಎಂಬಿಗಿ ಪ್ರಮುಖರು. ‘ಒಂದೇ ಹೆಬ್ಬೆರಳು ಹೇನನ್ನು ಕೊಲ್ಲಲಾರದು’ ಎಂಬ ಶೋನಾ ಗಾದೆಯನ್ನು ಅವರು ತಂಡದ ಕೆಲಸದ ವಿವರಣೆಗೆ ಬಳಸಿಕೊಂಡರು. 1997ರಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರ ತನ್ನ ನೌಕರರಿಗಾಗಿ ‘ಬಾಥೊ ಪೆಲೆ’, ಅಂದರೆ ‘ಜನರು ಮೊದಲು’ ಎಂಬ ನೀತಿಯನ್ನು ಪ್ರಕಟಿಸಿತು. ಜನರನ್ನು ಕೇಳಿ ಸೇವೆ ರೂಪಿಸುವುದು, ಮಾಹಿತಿ ಕೊಡುವುದು, ಸೌಜನ್ಯ, ತಪ್ಪಾದರೆ ಪರಿಹಾರ ಮುಂತಾದ ಎಂಟು ತತ್ವಗಳು ಅದರಲ್ಲಿವೆ. ಕಂಪನಿಗಳ ಆಡಳಿತದ ಬಗ್ಗೆ ನ್ಯಾಯಮೂರ್ತಿ ಮರ್ವಿನ್ ಕಿಂಗ್ ಅವರ ಸಮಿತಿ ಅಲ್ಲಿ 2016ರಲ್ಲಿ ಹೊರತಂದ ನಾಲ್ಕನೆಯ ‘ಕಿಂಗ್ ವರದಿ’ಯೂ ಉಬುಂಟುವನ್ನು ಹೆಸರಿಸಿ, ಕಂಪನಿಯು ತಾನಿರುವ ಸಮಾಜದ ಭಾಗ ಎಂದು ಹೇಳುತ್ತದೆ.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಹಳ್ಳಿಯ ಸಭೆಗೆ ಬಾರದೆ ಉಳಿಯುವ, ಮುಖ್ಯಸ್ಥನನ್ನು ಬಿಟ್ಟು ಹೋಗುವ, ಪೀಠದಿಂದ ಇಳಿಸುವ ಬಲ ಜನರಿಗಿತ್ತು. ಕಂಪನಿಯ ನೌಕರರಿಗೆ ವ್ಯವಸ್ಥಾಪಕರನ್ನು ಇಳಿಸುವ ಬಲವಿಲ್ಲ. ಆ ಬಲವನ್ನು ಹೊರಗಿಟ್ಟು ಪದವನ್ನಷ್ಟೇ ಗೋಡೆಯ ಮೇಲೆ ಬರೆದಾಗ, ‘ನಾವೆಲ್ಲ ಒಂದೇ ಕುಟುಂಬ’ ಎಂಬ ಮಾತು ಹೆಚ್ಚು ದುಡಿಸಿಕೊಳ್ಳುವುದಕ್ಕೆ ನೆಪವಾಗಬಹುದು. ಉಬುಂಟು ನಿರ್ವಹಣೆಯ ಬಗ್ಗೆ ಆಫ್ರಿಕಾದ ವಿದ್ವಾಂಸರೇ ಎತ್ತಿರುವ ಆಕ್ಷೇಪಗಳಲ್ಲಿ ಇದು ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ.

ಸಭೆಯ ಹೊರಗೆ ಉಳಿದವರು

ಹಳೆಯ ಪದವನ್ನು ಮೇಲಿನಿಂದ ಹೇರಿದಾಗ ಏನಾಗುತ್ತದೆ ಎಂಬುದಕ್ಕೆ ಟಾಂಜಾನಿಯಾ ಸಾಕ್ಷಿ. ಅಧ್ಯಕ್ಷ ಜೂಲಿಯಸ್ ನ್ಯೆರೆರೆ 1967ರ ಅರುಶಾ ಘೋಷಣೆಯ ಬಳಿಕ ‘ಉಜಾಮಾ’ ಎಂಬ ಸ್ವಾಹಿಲಿ ಪದದ ಹೆಸರಿನಲ್ಲಿ, ಕುಟುಂಬದಂತೆ ಒಟ್ಟಾಗಿ ಬೇಸಾಯ ಮಾಡುವ ಹಳ್ಳಿಗಳನ್ನು ಕಟ್ಟಲು ಹೊರಟರು. ಮೊದಲು ಸ್ವಇಚ್ಛೆಯಿಂದ ಸೇರುವ ವ್ಯವಸ್ಥೆಯಿತ್ತು, 1973ರ ನಂತರ ಅದು ಕಡ್ಡಾಯವಾಯಿತು. ಲಕ್ಷಾಂತರ ರೈತರನ್ನು ಅವರ ಹೊಲಗಳಿಂದ ಎಬ್ಬಿಸಿ ಹೊಸ ಹಳ್ಳಿಗಳಿಗೆ ಸಾಗಿಸಲಾಯಿತು, ಕೃಷಿ ಕುಸಿಯಿತು. ಸಮುದಾಯದ ಹೆಸರಿನಲ್ಲಿ ನಡೆದ ಈ ಕಾರ್ಯದಲ್ಲಿ ಸಮುದಾಯದ ಒಪ್ಪಿಗೆಯೇ ಕಾಣೆಯಾಗಿತ್ತು.

ಖೋಟ್ಲಾ ಕೂಡ ಎಲ್ಲರದ್ದಾಗಿರಲಿಲ್ಲ. ‘ಸೇರಿದವರೆಲ್ಲರಿಗೂ ಮಾತು’ ಎಂಬ ನಿಯಮ ಪ್ರಾಯಕ್ಕೆ ಬಂದ ಗಂಡಸರಿಗೆ ಮಾತ್ರ ಅನ್ವಯಿಸುತ್ತಿತ್ತು. ಹೆಂಗಸರಿಗೂ, ಬಸಾರ್ವಾ ಮುಂತಾದ ಕೆಳಗಿನವರೆಂದು ಕಾಣಲಾದ ಸಮುದಾಯಗಳಿಗೂ ಅಲ್ಲಿ ಸ್ಥಾನವಿರಲಿಲ್ಲ. ಥೆಂಬು ಸಭೆಗಳನ್ನು ಅಷ್ಟು ಪ್ರೀತಿಯಿಂದ ನೆನೆದ ಮಂಡೇಲಾ ಕೂಡ ಹೆಂಗಸರನ್ನು ಅಲ್ಲಿ ಎರಡನೆಯ ದರ್ಜೆಯವರಂತೆ ಕಂಡದ್ದನ್ನು ಮುಚ್ಚಿಡಲಿಲ್ಲ.

ಬೋಟ್ಸ್‌ವಾನಾದಲ್ಲಿ ಈ ಗೋಡೆ ನಿಧಾನವಾಗಿ ಕರಗಿದೆ, ಹೆಂಗಸರು ಈಗ ಖೋಟ್ಲಾದಲ್ಲಿ ಕೂರುತ್ತಾರೆ, ಮಾತಾಡುತ್ತಾರೆ. ರಾಮೊಟ್ಸ್‌ವಾ ಊರಿನ ಬಾಲೆಟೆ ಜನಾಂಗದಲ್ಲಿ ಗದ್ದುಗೆ ತೆರವಾದಾಗ ಹಿಂದಿನ ಖೋಸಿಯೊಬ್ಬರ ಮಗಳು ಮೊಸಾಡಿ ಸೆಬೊಕೊ ಅದರ ಮೇಲೆ ಹಕ್ಕು ಸಾಧಿಸಿದರು. ಹೆಣ್ಣೆಂಬ ಕಾರಣಕ್ಕೆ ತನ್ನನ್ನು ಹೊರಗಿಡುವುದು ದೇಶದ ಸಂವಿಧಾನಕ್ಕೆ ವಿರುದ್ಧ ಎಂದು ವಾದಿಸಿದರು. ಜನಾಂಗ ಅವರನ್ನು ಒಪ್ಪಿತು. 2003ರಲ್ಲಿ ಅಧಿಕೃತವಾಗಿ ಪಟ್ಟಕ್ಕೇರಿದ ಅವರು ಬೋಟ್ಸ್‌ವಾನಾದ ಮೊದಲ ಮಹಿಳಾ ಪರಮೋಚ್ಚ ಮುಖ್ಯಸ್ಥೆ. ಸೆಟ್ಸ್‌ವಾನಾದಲ್ಲಿ ‘ಮೊಸಾಡಿ’ ಎಂಬ ಪದಕ್ಕೆ ಹೆಂಗಸು ಎಂದೇ ಅರ್ಥ. ರಾಮೊಟ್ಸ್‌ವಾದ ಖೋಟ್ಲಾದಲ್ಲಿ ಗಂಡಸರು, ಹೆಂಗಸರು ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಎದ್ದುನಿಂತು ಕೊನೆಯ ಮಾತು ಆಡುವ ಹೊಣೆ ಅಂದಿನಿಂದ ಅವರದಾಯಿತು.